ಒಳಗೆ ಹೋದ ಕೋಟು, ಹೊರಗೆ ಬಂದ ಗೌನು

ಹದಿನಾರು ವರ್ಷಗಳಲ್ಲಿ ಅವಳು ಹೊಲಿದ ಪದವಿ ಗೌನುಗಳು ಆರು ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಒಂದೂ ಅವಳ ಮನೆಯವರ ಮೈಮೇಲೆ ಬಿದ್ದಿರಲಿಲ್ಲ. ಬೀದಿಯವರೆಲ್ಲ ಅವಳನ್ನು ಗೌನಮ್ಮ ಎಂದೇ ಕರೆಯುತ್ತಿದ್ದರು. ಔಷಧಿ ಅಂಗಡಿಗೂ ಬೀಗ ರಿಪೇರಿಯವನ ಅಂಗಡಿಗೂ ನಡುವೆ ಹತ್ತಡಿ ಅಗಲದ ಜಾಗ ಅವಳದು. ಎರಡು ಹೊಲಿಗೆ ಮೆಷಿನು, ದಾರ ಬಿಡದಂತೆ ಅಂಚು ಕಟ್ಟುವ ಒಂದು ಓವರ್‌ಲಾಕ್, ಕತ್ತರಿಸಲು ಹಳೇ ಬಾಗಿಲನ್ನು ಅಡ್ಡ ಮಲಗಿಸಿ ಮಾಡಿದ ಮೇಜು, ಗೋಡೆಗೆ ಒರಗಿ ನಿಂತ ಕಪ್ಪು ಬಟ್ಟೆಯ ಥಾನುಗಳು. ಬಾಗಿಲ ಹತ್ತಿರದ ಬೆಳಕಿನಲ್ಲಿ ಸ್ಟೂಲಿನ ಮೇಲೆ ಕಾಜಾ ಅಜ್ಜಿ. ಬಿಳಿ ಕೋಟುಗಳಿಗೆ ಗುಂಡಿ ತೂರುವ ಕಾಜಾ ಹಾಕುವುದು, ಗೌನುಗಳ ಅಂಚು ಮಡಚಿ ಕೈಹೊಲಿಗೆ ಹಾಕುವುದು ಅಜ್ಜಿಯ ಕೆಲಸ. ಒಂದು ಗೌನಿಗೆ ಇಷ್ಟು ಎಂದು ಕೂಲಿ. ಅಜ್ಜಿಗೆ ಎಪ್ಪತ್ತೊಂದು. ಸೂಜಿಗೆ ದಾರ ಪೋಣಿಸಲು ಈಗಲೂ ಕನ್ನಡಕ ಬೇಡ, ಆದರೆ ಎದುರಿಗೆ ಬರುವವರು ಯಾರೆಂದು ತಿಳಿಯಲು ಬೇಕು.

ಊರಿನಲ್ಲಿ ಚರ್ಚಿನವರು ನಡೆಸುವ ಕಾಲೇಜುಗಳು ಮೂರು. ಫಾದರುಗಳು ನಡೆಸುವ ಗುಡ್ಡದ ಕಾಲೇಜು, ಒಂದು ಟ್ರಸ್ಟು ನಡೆಸುವ ಗಡಿಯಾರದ ಕಾಲೇಜು, ಕನ್ಯಾಸ್ತ್ರೀಯರು ನಡೆಸುವ ಸಿಸ್ಟರುಗಳ ಕಾಲೇಜು. ಮೂರಕ್ಕೂ ಹೊಲಿಯುವವಳು ಗೌನಮ್ಮನೇ. ವರ್ಷದ ಆರಂಭದಲ್ಲಿ ಹೊಸ ಮಕ್ಕಳಿಗೆ ಬಿಳಿ ಕೋಟು, ಕೊನೆಯಲ್ಲಿ ಓದು ಮುಗಿಸಿದವರಿಗೆ ಕಪ್ಪು ಗೌನು. ಯಾರ ಅಳತೆಯನ್ನೂ ತೆಗೆಯುವಂತಿಲ್ಲ. ಗಿಡ್ಡ, ಮಧ್ಯಮ, ಉದ್ದ ಎಂದು ಮೂರೇ ಅಳತೆ. ಕಾಲೇಜಿನಿಂದ ಒಂದು ಚೀಟಿ ಬರುತ್ತದೆ, ಇಂಥ ವಿಭಾಗಕ್ಕೆ ಇಷ್ಟು ಎಂದು. ಹೊಲಿದು, ಕಟ್ಟಿ, ಆಟೋದಲ್ಲಿ ಹಾಕಿ ಕಾಲೇಜಿನ ಸ್ಟೋರಿನ ಬಾಗಿಲಿಗೆ ಇಳಿಸಿದರೆ ಮುಗಿಯಿತು. ತೊಡುವ ಮಕ್ಕಳ ಮುಖವನ್ನು ಅವಳು ಕಂಡವಳಲ್ಲ.

ಆದರೆ ಚೀಟಿಗಳನ್ನು ಎಸೆಯುತ್ತಿರಲಿಲ್ಲ. ನಿಂಬೆ ಬಣ್ಣದ ರಟ್ಟಿನ ಒಂದು ಪುಸ್ತಕದಲ್ಲಿ ಎಡಗಡೆ ಕೋಟು, ಬಲಗಡೆ ನಾಲ್ಕು ವರ್ಷದ ನಂತರದ ಗೌನು ಎಂದು ಬರೆದಿಡುತ್ತಿದ್ದಳು. ಮೊದಲು ಬಟ್ಟೆಯ ಅಂದಾಜಿಗೆ ಬರೆದದ್ದು. ಬರೆಯುತ್ತ ಬರೆಯುತ್ತ ಅದರಲ್ಲಿ ಇನ್ನೊಂದು ಸಂಗತಿ ಕಾಣತೊಡಗಿತು. ಎಡಗಡೆಯ ಸಂಖ್ಯೆ ಒಳಗೆ ಹೋದವರದು, ಬಲಗಡೆಯದು ಹೊರಗೆ ಬಂದವರದು. ಕಾಲೇಜುಗಳು ಹಂಚುವ ನುಣುಪು ಕಾಗದದ ಪುಸ್ತಕಗಳಲ್ಲಿ ಇರದ ಲೆಕ್ಕ ತನ್ನ ಹತ್ತಿರ ಇದೆ ಎಂದು ಅವಳಿಗೆ ಹೊಳೆದ ದಿನ ಅವಳು ಎರಡು ಇಂಚು ಎತ್ತರವಾಗಿದ್ದಳು ಎನ್ನುತ್ತಾನೆ ಅವಳ ಗಂಡ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಜನ ಅವಳನ್ನು ಪಕ್ಕಕ್ಕೆ ಕರೆಯುತ್ತಿದ್ದರು. "ಗೌನಮ್ಮ, ಮಗಳಿಗೆ ನರ್ಸಿಂಗ್ ಅಂತ ಇದ್ದೀವಿ. ಯಾವುದು ಒಳ್ಳೇದು?" ಅವಳು ಧ್ವನಿ ತಗ್ಗಿಸಿ, ಗುಟ್ಟು ಹೇಳುವವಳಂತೆ ಹೇಳುತ್ತಿದ್ದಳು. "ಗಡಿಯಾರದಲ್ಲಿ ಎಂಬತ್ತು ಜನ ಒಳಗೆ ಹೋಗ್ತಾರೆ, ನಲವತ್ತೊಂಬತ್ತು ಜನ ಹೊರಗೆ ಬರ್ತಾರೆ. ಸಿಸ್ಟರುಗಳದ್ದಂತೂ ಕೇಳ್ಬೇಡಿ. ನಲವತ್ತು ಕೋಟು, ಒಂಬತ್ತು ಗೌನು. ಗುಡ್ಡದಲ್ಲಿ ಮಾತ್ರ ಅರವತ್ತಕ್ಕೆ ಅರವತ್ತು. ಫೀಸು ಜಾಸ್ತಿ, ನಿಜ. ಆದ್ರೆ ಒಳಗೆ ಹಾಕಿದ ಮಗು ಹೊರಗೆ ಬರುತ್ತೆ."

ಹೀಗೆ ಅವಳ ಮಾತು ಕೇಳಿ ಗುಡ್ಡ ಹತ್ತಿದ ಮನೆಗಳು ಎಂಟು. ಅವುಗಳಲ್ಲಿ ಒಂದು ಕಾಜಾ ಅಜ್ಜಿಯದೇ. ಅಜ್ಜಿಯ ಮೊಮ್ಮಗಳು ಎರಡು ವರ್ಷ ಓದಿ, ಓದು ತಲೆಗೆ ಹತ್ತುವುದಿಲ್ಲ ಎಂದು ಬಿಟ್ಟು ಬಂದು, ಈಗ ರೆಡಿಮೇಡ್ ಬಟ್ಟೆ ಅಂಗಡಿಯೊಂದರಲ್ಲಿ ಗಿರಾಕಿಗಳು ಬಿಚ್ಚಿ ಹಾಕಿದ್ದನ್ನು ಮಡಚಿಡುವ ಕೆಲಸ ಮಾಡುತ್ತಿದ್ದಳು.

"ನಾನು ಕತ್ತಲಲ್ಲೂ ಕಾಜಾ ಹಾಕ್ತೀನಿ, ಅವಳಿಗೆ ಬೆಳಕಲ್ಲೂ ಪುಸ್ತಕ ಕಾಣಲಿಲ್ಲ," ಎನ್ನುತ್ತಿದ್ದಳು ಅಜ್ಜಿ. "ತಲೆ ಅವರಪ್ಪಂದು. ಒಳಗೆ ಬರೀ ಗಾಳಿ."

ಈ ವರ್ಷ ಗುಡ್ಡದಿಂದ ಬಂದ ಚೀಟಿಯಲ್ಲಿ, ಅಂದರೆ ಮೊಮ್ಮಗಳ ಜೊತೆಯವರು ಓದು ಮುಗಿಸುವ ವರ್ಷದ ಚೀಟಿಯಲ್ಲಿ, ನರ್ಸಿಂಗಿಗೆ ಹಸಿರು ಅಂಚಿನ ಗೌನು ಅರವತ್ತು ಎಂದಿತ್ತು. ಅಜ್ಜಿ ಸೂಜಿ ನಿಲ್ಲಿಸಿ ಕೇಳಿದ್ದಳು. "ಅಲ್ಲ ಕಣೇ, ನಮ್ಮ ಹುಡುಗಿ ಬಿಟ್ಟಳಲ್ಲ. ಐವತ್ತೊಂಬತ್ತು ಆಗ್ಬೇಕಿತ್ತಲ್ಲ?"

"ಆ ಜಾಗಕ್ಕೆ ಬೇರೆ ಯಾರನ್ನೋ ಸೇರಿಸ್ಕೊಂಡಿರ್ತಾರೆ ಅಜ್ಜಿ. ಅಂಥ ಕಾಲೇಜಲ್ಲಿ ಸೀಟು ಖಾಲಿ ಬಿಡ್ತಾರಾ?"

ಅಜ್ಜಿಗೆ ಅದೂ ಸರಿಯೆನಿಸಿ ಸೂಜಿ ಮತ್ತೆ ಓಡತೊಡಗಿತು.

ಈ ವರ್ಷ ಗೌನಮ್ಮನ ಮಗಳ ಸರದಿ. ಒಬ್ಬಳೇ ಮಗಳು, ನರ್ಸಿಂಗ್ ಬಿಟ್ಟು ಬೇರೆ ಮಾತಿಲ್ಲ. ಸರ್ಕಾರಿ ಕಾಲೇಜಿನ ಸೀಟು ಮೂರು ಅಂಕಗಳಲ್ಲಿ ಕೈತಪ್ಪಿತ್ತು. ಊಟದ ಮೇಜಿನ ಮೇಲೆ ಮೂರು ಕಾಲೇಜುಗಳ ಪುಸ್ತಕ, ಅವುಗಳ ಮೇಲೆ ನಿಂಬೆ ರಟ್ಟಿನದು. ಗುಡ್ಡದಲ್ಲಿ ವರ್ಷಕ್ಕೆ ಎರಡು ಲಕ್ಷ ಎಂಬತ್ತು ಸಾವಿರ. ಗಡಿಯಾರದಲ್ಲಿ ಒಂದು ತೊಂಬತ್ತು. ಸಿಸ್ಟರುಗಳಲ್ಲಿ ತೊಂಬತ್ತೈದು ಸಾವಿರ. ನಾಲ್ಕರಿಂದ ಗುಣಿಸಿದರೆ ಗುಡ್ಡದ್ದು ಹನ್ನೊಂದು ಲಕ್ಷ ದಾಟುತ್ತಿತ್ತು. ಗಂಡ ಹೆಂಡತಿ ಇಬ್ಬರ ದುಡಿಮೆಯಲ್ಲಿ ತಿಂದು ಉಟ್ಟು ಉಳಿಸಿದ್ದು ಹತ್ತು ವರ್ಷ ಕೂಡಿಟ್ಟರೂ ಅಷ್ಟಾಗುತ್ತಿರಲಿಲ್ಲ.

ಗಂಡ ದೊಡ್ಡಾಸ್ಪತ್ರೆಯಲ್ಲಿ ಲಿಫ್ಟ್ ನಡೆಸುವವನು. ಏಳು ಮಹಡಿ, ದಿನಕ್ಕೆ ಎಂಟು ಗಂಟೆ, ಮೇಲೆ ಕೆಳಗೆ. ಅಲ್ಲಿ ಎಲ್ಲರಿಗೂ ಅವನು ಲಿಫ್ಟಣ್ಣ.

"ನಾನೊಂದು ಮಾತು ಹೇಳ್ಲಾ?" ಎಂದ. "ಲಿಫ್ಟಲ್ಲಿ ಬರೋ ನರ್ಸುಗಳನ್ನ ಕೇಳ್ತಾನೇ ಇರ್ತೀನಿ, ನೀವು ಯಾವ ಕಾಲೇಜು ಅಂತ. ಅರ್ಧಕ್ಕರ್ಧ ಸಿಸ್ಟರುಗಳ ಕಾಲೇಜಿನವರೇ."

"ಆ ಒಂಬತ್ತು ಜನಾನೇ ದಿನವಿಡೀ ಮೇಲೆ ಕೆಳಗೆ ಓಡಾಡ್ತಿರ್ತಾರೆ. ನೀವು ಹತ್ತಿದಾಗೊಮ್ಮೆ ಇಳಿದಾಗೊಮ್ಮೆ ಎಣಿಸ್ತೀರಿ."

ಮಗಳು ನಕ್ಕಳು. ಲಿಫ್ಟಣ್ಣನೂ ನಕ್ಕ. "ಆಯ್ತಮ್ಮಾ, ನಿನ್ನ ಪುಸ್ತಕ ದೊಡ್ಡದು," ಎಂದು ತಟ್ಟೆ ತೊಳೆಯಲು ಎದ್ದ. ಮರುದಿನ ಯಾರಿಗೂ ಹೇಳದೆ ಸಿಸ್ಟರುಗಳ ಕಾಲೇಜಿಗೆ ಹೋಗಿ ಮಗಳ ಹೆಸರಲ್ಲಿ ಒಂದು ಅರ್ಜಿ ತುಂಬಿ ಕೊಟ್ಟು ಬಂದ. ಹೆಂಡತಿಯ ಎದುರು ವಾದ ಮಾಡುವುದು ಅವನಿಗೆ ಆಗದ ಕೆಲಸ. ಸುಮ್ಮನೆ ಹೋಗಿ ಬರುವುದು ಆಗುವ ಕೆಲಸ.

ಗುಡ್ಡದವರು ಸೀಟು ಹಿಡಿದಿಡಲು ಒಂದು ಲಕ್ಷ ಅರವತ್ತು ಸಾವಿರ ಮುಂಗಡ ಕೇಳಿದರು. ಲಿಫ್ಟಣ್ಣ ಭವಿಷ್ಯನಿಧಿಯಿಂದ ತೊಂಬತ್ತು ಸಾವಿರ ತೆಗೆದ. ಗೌನಮ್ಮನ ಕತ್ತಿನ ಸರ ನಲವತ್ತೆರಡಕ್ಕೆ ಹೋಯಿತು. ಉಳಿದ ಇಪ್ಪತ್ತೆಂಟಕ್ಕೆ ಓವರ್‌ಲಾಕ್ ಮೆಷಿನನ್ನು ಮಾರಿದಳು. ಮೆಷಿನು ಹೋದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಎಣ್ಣೆಯ ಗುರುತುಗಳು ಉಳಿದವು. ಅಜ್ಜಿ ಅತ್ತ ನೋಡಿ, "ಇನ್ನು ಮೇಲೆ ದಾರ ಬಿಡೋ ಅಂಚನ್ನೆಲ್ಲ ನಾನೇ ಕಟ್ಟಬೇಕೇನೋ. ಕೂಲಿ ಜಾಸ್ತಿ ಆಗುತ್ತೆ," ಎಂದಳು. ಗೌನಮ್ಮ ನಗಲಿಲ್ಲ.

ಮಂಗಳವಾರ ಬೆಳಗ್ಗೆ ತಾಯಿ ಮಗಳು ಗುಡ್ಡ ಹತ್ತಿದರು. ಕೌಂಟರಿನ ಒಳಗೆ ಕುಳಿತ ಗುಮಾಸ್ತ ಮಾತುಗಾರ. ನೋಟುಗಳನ್ನು ಯಂತ್ರಕ್ಕೆ ಹಾಕಿ ಎಣಿಸಿದ, ಮುದ್ರೆ ಒತ್ತಿದ, ಉದ್ದನೆಯ ರಸೀದಿಯನ್ನು ಹರಿದು ಕಿಂಡಿಯಲ್ಲಿ ತಳ್ಳಿದ. ಬೋಧನೆ, ಗ್ರಂಥಾಲಯ, ಪ್ರಯೋಗಾಲಯ, ಬಿಳಿ ಕೋಟು. ಎಲ್ಲಕ್ಕಿಂತ ಕೆಳಗೆ, 'ಪದವಿ ಗೌನು: ೧೮೦೦'.

ಮೊದಲು ಅವಳ ಕಣ್ಣಿಗೆ ಬಿದ್ದದ್ದು ಬೆಲೆ. ಅವಳಿಗೆ ಗೌನೊಂದಕ್ಕೆ ಕಾಲೇಜು ಕೊಡುತ್ತಿದ್ದದ್ದು ಆರುನೂರೈವತ್ತು. ಮಗಳಿಗೆ ತೋರಿಸಿ, "ನೋಡು, ಗುಡ್ಡ ಹತ್ತೋ ಹೊತ್ತಿಗೆ ನನ್ನ ಗೌನಿಗೆ ಎಷ್ಟು ಬೆಲೆ ಬಂತು," ಎಂದಳು. ಆಮೇಲೆ ಇನ್ನೊಂದು ವಿಷಯ ಕಂಡಿತು.

"ಗೌನಿನ ದುಡ್ಡು ಈಗಲೇ ತಗೋತೀರಾ? ಅದು ನಾಲ್ಕು ವರ್ಷ ಆದ್ಮೇಲಲ್ವಾ?"

"ಎಲ್ಲರದ್ದೂ ಸೇರೋವಾಗಲೇ ಅಮ್ಮ. ಕೊನೇಲಿ ಕೇಳಿದ್ರೆ ಯಾರು ಕೊಡ್ತಾರೆ? ನರ್ಸಿಂಗಲ್ಲಂತೂ ಆಗ ಅರ್ಧ ಜನ ಇರೋದೇ ಇಲ್ಲ."

"ಇರೋದಿಲ್ಲ ಅಂದ್ರೆ?"

"ಬಿಟ್ಟಿರ್ತಾರೆ. ನಮ್ಮದು ಸ್ವಂತ ಆಸ್ಪತ್ರೆ ಇಲ್ಲ ನೋಡಿ. ಎರಡನೇ ವರ್ಷದಿಂದ ತರಬೇತಿಗೆ ಬೇರೆ ಆಸ್ಪತ್ರೆಗೆ ಕಳಿಸ್ತೀವಿ, ಅದರ ಫೀಸು ಬೇರೆ. ಅಲ್ಲಿಗೆ ತುಂಬ ಜನಕ್ಕೆ ಕಷ್ಟ ಆಗುತ್ತೆ." ಅವನು ಹಿಂದೆ ನಿಂತವರ ಕಡೆ ನೋಡಿದ. "ಮುಂದಿನವರು ಬನ್ನಿ."

"ಮತ್ತೆ ಗೌನು? ಗೌನು ಅರವತ್ತೇ ಹೊಲಿಸ್ತೀರಲ್ಲ?"

"ಅರವತ್ತು ಜನ ದುಡ್ಡು ಕಟ್ಟಿರ್ತಾರೆ, ಅರವತ್ತು ಹೊಲಿಸಲೇಬೇಕು. ಆಡಿಟ್ಟಿನವರು ಕೇಳ್ತಾರೆ. ತಗೊಂಡು ಹೋಗೋದು ಬಿಡೋದು ಅವರಿಷ್ಟ."

ಗೌನಮ್ಮ ರಸೀದಿಯನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡಳು. ಮಗಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಸ್ಟೋರಿನ ಕಡೆ ನಡೆದಳು. ಸ್ಟೋರಿನವನು ಹಳೇ ಪರಿಚಯ. ಹದಿನಾರು ವರ್ಷ ಅವಳ ಗಂಟುಗಳನ್ನು ಬಾಗಿಲಲ್ಲೇ ಇಳಿಸಿಕೊಂಡು ಸಹಿ ಹಾಕಿದವನು.

"ಒಳಗಿನ ಕೋಣೆ ಒಂದ್ಸಲ ತೋರಿಸ್ತೀರಾ?"

"ಅಲ್ಲೇನಿದೆ ಅಮ್ಮ, ಬರೀ ಧೂಳು," ಎನ್ನುತ್ತಲೇ ಕೀಲಿ ತಿರುಗಿಸಿದ.

ಗೋಡೆಯ ಉದ್ದಕ್ಕೂ ಕಬ್ಬಿಣದ ಕಪಾಟುಗಳು. ಅವುಗಳ ತುಂಬ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಕಪ್ಪು ಗಂಟುಗಳು. ಕೆಲವು ಅವಳು ಕಟ್ಟಿದ ದಾರದಲ್ಲೇ ಇದ್ದವು, ಬಿಚ್ಚಿಯೂ ಇರಲಿಲ್ಲ. ಒಂದನ್ನು ಎಳೆದು ಅಂಚು ತಿರುಗಿಸಿ ನೋಡಿದಳು. ಹತ್ತು ಹೊಲಿಗೆಗೊಮ್ಮೆ ಹಾಕಿದ ಪುಟ್ಟ ಗಂಟು. ಹಾಗೆ ಹಾಕುವವಳು ಕಾಜಾ ಅಜ್ಜಿ ಒಬ್ಬಳೇ.

"ಯಾರೂ ತಗೊಂಡು ಹೋಗದ್ದು," ಎಂದ ಸ್ಟೋರಿನವನು. "ಆರು ವರ್ಷದ್ದು. ಅದಕ್ಕೂ ಹಿಂದಿನದ್ದನ್ನ ಇಲಿ ತಿಂತು, ಸುಟ್ಟೆವು."

ಅವಳು ಎಣಿಸಿದಳು. ಅಭ್ಯಾಸ, ಬಿಡಲಾಗಲಿಲ್ಲ. ಎಲ್ಲ ವಿಭಾಗ ಸೇರಿ ಆರುನೂರ ನಲವತ್ತು. ಅವುಗಳಲ್ಲಿ ಹಸಿರು ಅಂಚಿನವು ನೂರ ಎಂಬತ್ತಮೂರು. ಆರು ವರ್ಷಕ್ಕೆ ಮುನ್ನೂರ ಅರವತ್ತು ಹಸಿರು ಗೌನು ಹೊಲಿದಿದ್ದಳು. ಅರ್ಧಕ್ಕಿಂತ ಮೂರು ಹೆಚ್ಚು.

ಬೆಂಚಿನಲ್ಲಿದ್ದ ಮಗಳು ತಾಯಿಯ ಮುಖ ನೋಡಿ ಎದ್ದು ನಿಂತಳು. "ಏನಾಯ್ತಮ್ಮ?"

"ನಾನು ಹೊರಗೆ ಬಂದವರನ್ನ ಎಣಿಸಲಿಲ್ಲ, ಮರಿ. ದುಡ್ಡು ಕಟ್ಟಿದವರನ್ನ ಎರಡು ಸಲ ಎಣಿಸಿದ್ದೀನಿ."

ಕೌಂಟರಿಗೆ ಹಿಂತಿರುಗಿ ಮುಂಗಡ ವಾಪಸ್ ಕೇಳಿದಳು. ಗುಮಾಸ್ತ ರಸೀದಿಯ ಹಿಂಬದಿ ತಿರುಗಿಸಿ ಬೆರಳಿಟ್ಟು ತೋರಿಸಿದ. ಕಟ್ಟಿದ ಹಣವನ್ನು ಯಾವ ಕಾರಣಕ್ಕೂ ಮರಳಿಸಲಾಗುವುದಿಲ್ಲ. ಅಕ್ಷರಗಳು ಸಣ್ಣವು, ಆದರೆ ಸ್ಪಷ್ಟವಾಗಿದ್ದವು. "ಕಟ್ಟಿ ಇನ್ನೂ ಒಂದು ಗಂಟೆ ಆಗಿದೆ ಅಷ್ಟೇ," ಎಂದಳು. "ಹತ್ತು ಸೆಕೆಂಡ್ ಆಗಿದ್ರೂ ಅಷ್ಟೇ ಅಮ್ಮ," ಎಂದ ಅವನು. ಅವನ ಧ್ವನಿಯಲ್ಲಿ ಕೆಡುಕೇನೂ ಇರಲಿಲ್ಲ.

ಅಂದು ಸಂಜೆ ಲಿಫ್ಟಣ್ಣನ ಎದುರು ಅವಳು ಬಾಯಿ ಬಿಡುವ ಹೊತ್ತಿಗೆ ಅನ್ನ ಆರಿಹೋಗಿತ್ತು. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿತು. ತಟ್ಟೆಯನ್ನು ಬದಿಗೆ ಸರಿಸಿ, "ನಾಳೆ ಸಿಸ್ಟರುಗಳ ಹತ್ರ ಹೋಗಿ ಬಾ. ಅರ್ಜಿ ಹಾಕಿದ್ದೀನಿ," ಎಂದ.

"ಯಾವಾಗ?"

"ನಿನ್ನ ಪುಸ್ತಕ ದೊಡ್ಡದು ಅಂದೆನಲ್ಲ, ಅದರ ಮಾರನೇ ದಿನ."

ಬುಧವಾರ ಅವಳು ಹೋದಾಗ ಸೇರ್ಪಡೆ ನೋಡಿಕೊಳ್ಳುವ ಸಿಸ್ಟರ್ ಕಿಟಕಿಯ ಬಳಿ ಕುಳಿತು ಅರ್ಜಿಗಳನ್ನು ಜೋಡಿಸುತ್ತಿದ್ದರು. ದಪ್ಪ ಕನ್ನಡಕ, ಸವೆದ ಚಪ್ಪಲಿ. ಗೌನಮ್ಮ ಸುತ್ತಿ ಬಳಸಿ ಹೇಳಲಿಲ್ಲ. "ನಿಮ್ಮಲ್ಲಿ ನಲವತ್ತು ಜನ ಸೇರ್ತಾರೆ, ಗೌನು ಮಾತ್ರ ಎಂಟೋ ಒಂಬತ್ತೋ ಹೊಲಿಸ್ತೀರಿ. ಯಾಕೆ ಸಿಸ್ಟರ್?"

ಸಿಸ್ಟರ್ ಅವಳನ್ನು ನೋಡಿದರು. "ಹೊಲಿಯೋರು ನೀವೇನಾ?" ಎಂದು ಎದ್ದು, ಪಕ್ಕದ ಕೋಣೆಯ ಬೀರು ತೆರೆದರು. ಒಳಗೆ ಹ್ಯಾಂಗರಿಗೆ ಒಂದರ ಪಕ್ಕ ಒಂದು ನಲವತ್ತು ಹಸಿರು ಅಂಚು. ಎಲ್ಲ ಒಗೆದು ಇಸ್ತ್ರಿ ಮಾಡಿದವು. "ಮಕ್ಕಳು ಪದವಿ ದಿನ ತೊಟ್ಕೋತಾರೆ, ಸಾಯಂಕಾಲ ಬಿಚ್ಚಿ ಕೊಡ್ತಾರೆ. ಒಂದು ದಿನಕ್ಕೆ ಅವರ ಹತ್ರ ಯಾಕಮ್ಮ ದುಡ್ಡು ತಗೊಳ್ಳೋದು? ಹರಿದದ್ದು, ಬಣ್ಣ ಹೋದದ್ದು ಇದ್ರೆ ಅಷ್ಟನ್ನೇ ಹೊಸದು ಮಾಡಿಸ್ತೀವಿ. ನಿಮ್ಮ ಹೊಲಿಗೆ ಗಟ್ಟಿ ನೋಡಿ, ಬೇಗ ಹರಿಯೋದೂ ಇಲ್ಲ."

"ಹಾಗಾದ್ರೆ ಹೋದ ವರ್ಷ ಎಷ್ಟು ಜನ ಮುಗಿಸಿದ್ರು?"

"ಮೂವತ್ತೆಂಟು. ಒಬ್ಬಳಿಗೆ ಕಾಯಿಲೆ, ಒಬ್ಬಳು ಮದುವೆಯಾಗಿ ಹೋದಳು. ಮೂವತ್ತೆಂಟರಲ್ಲಿ ಮೂವತ್ತನಾಲ್ಕು ಜನಕ್ಕೆ ಕೆಲಸ ಸಿಕ್ಕಿದೆ. ಹೆಚ್ಚಿನವರು ದೊಡ್ಡಾಸ್ಪತ್ರೆಯಲ್ಲೇ."

ಗೌನಮ್ಮ ಬೀರುವಿನ ಬಾಗಿಲು ಹಿಡಿದು ನಿಂತಳು. ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡುತ್ತಿದ್ದವರು ಅದೇ ಒಂಬತ್ತು ಜನರಾಗಿರಲಿಲ್ಲ.

ನಲವತ್ತು ಸೀಟೂ ತುಂಬಿದ್ದವು. ಕಾಯುವವರ ಪಟ್ಟಿಯಲ್ಲಿ ಮಗಳ ಹೆಸರು ಎರಡನೆಯದು. ಮೊದಲನೆಯವಳು ಸರ್ಕಾರಿ ಸೀಟು ಸಿಕ್ಕಿ ಹೋಗಿದ್ದಳು. ಸೇರಬೇಕಾಗಿದ್ದ ಒಬ್ಬ ಹುಡುಗಿ ಇನ್ನೂ ಹಣ ಕಟ್ಟಿರಲಿಲ್ಲ, ಬರುವ ಲಕ್ಷಣವೂ ಇರಲಿಲ್ಲ. "ಶುಕ್ರವಾರ ಹನ್ನೆರಡು ಗಂಟೆವರೆಗೆ ಅವಳಿಗೆ ಸಮಯ," ಎಂದರು ಸಿಸ್ಟರ್. "ಅವಳು ಬರದಿದ್ರೆ ಸೀಟು ನಿಮ್ಮ ಮಗಳದ್ದು. ಆದ್ರೆ ಆಗಲೇ ಪೂರ್ತಿ ವರ್ಷದ್ದು ಕಟ್ಟಬೇಕು, ತೊಂಬತ್ತೈದು. ಇಲ್ಲದಿದ್ರೆ ಮೂರನೆಯವಳನ್ನ ಕರೀಬೇಕಾಗುತ್ತೆ. ನನ್ನ ಕೈಯಲ್ಲಿ ಅಷ್ಟೇ ಇರೋದು."

ಆ ತೊಂಬತ್ತೈದು ಸಾವಿರದ ಬದಲಿಗೆ ಗೌನಮ್ಮನ ಹತ್ತಿರ ಇದ್ದದ್ದು ಗುಡ್ಡದ ರಸೀದಿ ಮಾತ್ರ. ಅವತ್ತು ಮಧ್ಯಾಹ್ನವಿಡೀ ಅವಳು ಸಾಲ ಕೇಳಿದಳು. ಬೀಗದವನು ಎರಡು ಸಾವಿರ ಕೊಟ್ಟ. ಔಷಧಿ ಅಂಗಡಿಯವರು ತಮ್ಮ ಕಷ್ಟ ಹೇಳಿಕೊಂಡರು, ಅದು ಅವಳದಕ್ಕಿಂತ ಉದ್ದವಾಗಿತ್ತು. ಬಟ್ಟೆ ಸಗಟು ವ್ಯಾಪಾರಿ ಫೋನೆತ್ತಿದ ಕೂಡಲೇ ಈ ವರ್ಷದ ಗೌನಿಗೆಂದು ಸಾಲದ ಮೇಲೆ ಕಳಿಸಿದ್ದ ಥಾನುಗಳ ಮಾತೆತ್ತಿದ. ಅವಳು ಕೇಳಬೇಕಾದ್ದನ್ನು ಕೇಳದೆ ಫೋನಿಟ್ಟಳು.

ಗುರುವಾರ ಬೆಳಗ್ಗೆ ಒಬ್ಬಳೇ ಗುಡ್ಡ ಹತ್ತಿದಳು. ಹಣಕಾಸು ನೋಡುವ ಫಾದರ್ ಮೃದು ಮಾತಿನವರು. ಅವಳು ಅಳಬಹುದೆಂದು ಮೊದಲೇ ಟಿಶ್ಯೂ ಡಬ್ಬಿಯನ್ನು ಮೇಜಿನ ಈಚೆಗೆ ಸರಿಸಿದ್ದರು.

"ನಿಯಮ ಅಂದ್ಮೇಲೆ ನಿಯಮ ಅಮ್ಮ. ನಿಮಗೊಬ್ಬರಿಗೆ ಕೊಟ್ರೆ ನಾಳೆ ಬಾಗಿಲಲ್ಲಿ ಸಾಲು ನಿಲ್ಲುತ್ತೆ."

"ನಾನು ಸುಮ್ಮನೆ ಕೇಳೋಕೆ ಬಂದಿಲ್ಲ ಫಾದರ್, ವ್ಯಾಪಾರಕ್ಕೆ ಬಂದಿದ್ದೀನಿ." "ನಿಮ್ಮ ಸ್ಟೋರಲ್ಲಿ ನಾನು ಹೊಲಿದ ಆರುನೂರ ನಲವತ್ತು ಗೌನು ಹಾಗೇ ಇವೆ. ವರ್ಷಕ್ಕೆ ನೀವು ಹೊಲಿಸೋದು ಮುನ್ನೂರು. ಈ ವರ್ಷ, ಬರೋ ವರ್ಷ ಎರಡೂ ನನಗೆ ಆರ್ಡರ್ ಕೊಡಬೇಡಿ. ಅವನ್ನೇ ಹಂಚಿ. ಧೂಳು ಹೊಡೆದು, ಒಗೆದು, ಅಂಚಿನ ಬಣ್ಣ ಬೇಕಾದ ಕಡೆ ಬದಲಾಯಿಸಿ, ಇಸ್ತ್ರಿ ಮಾಡಿ ನಾನೇ ಕೊಡ್ತೀನಿ, ಕೂಲಿ ಬೇಡ. ನಿಮಗೆ ನಾಲ್ಕು ಲಕ್ಷದ ಹತ್ರ ಉಳಿಯುತ್ತೆ. ನನ್ನ ಒಂದು ಅರವತ್ತು ನನಗೆ ಕೊಡಿ."

ಫಾದರ್ ಕ್ಯಾಲ್ಕುಲೇಟರ್ ಹತ್ತಿರ ಎಳೆದುಕೊಂಡರು. ಅವರ ಬೆರಳು ಮೂರು ಸಲ ಓಡಿ ನಿಂತಿತು.

"ಈ ವರ್ಷದ ಬಟ್ಟೆ ಕತ್ತರಿಸಿಲ್ವಾ ನೀವು?"

"ಮೂವತ್ತು ಕತ್ತರಿಸಿದ್ದೀನಿ."

"ನಿಮ್ಮ ಹೊಟ್ಟೆ ಮೇಲೆ ನೀವೇ ಹೊಡ್ಕೋತಿದ್ದೀರಿ."

"ನನ್ನ ಹೊಟ್ಟೆ ತಾನೇ ಫಾದರ್."

ಫಾದರ್ ಕ್ಯಾಲ್ಕುಲೇಟರಿನ ಮೊತ್ತವನ್ನು ಕಾಗದಕ್ಕೆ ಇಳಿಸಿಕೊಂಡರು. ಗೌನಿಗೆಂದು ಮಕ್ಕಳ ಹತ್ತಿರ ತೆಗೆದುಕೊಳ್ಳುವ ಸಾವಿರದ ಎಂಟುನೂರನ್ನು ನಿಲ್ಲಿಸುತ್ತೇವೆ ಎಂದು ಅವರು ಹೇಳಲಿಲ್ಲ. ನಿಲ್ಲಿಸಿ ಎಂದು ಅವಳೂ ಕೇಳಲಿಲ್ಲ. ಕೇಳಬೇಕೆಂದು ಅವಳಿಗೆ ಅನಿಸದೆ ಇರಲಿಲ್ಲ. ಆದರೆ ಕೇಳಿದರೆ ಕ್ಯಾಲ್ಕುಲೇಟರಿನ ಮೊತ್ತ ಬದಲಾಗುತ್ತಿತ್ತು. ಕೊನೆಗೆ ಕಚೇರಿ ಖರ್ಚೆಂದು ಇಪ್ಪತ್ತು ಸಾವಿರ ಹಿಡಿದು ಒಂದು ಲಕ್ಷ ನಲವತ್ತಕ್ಕೆ ಒಪ್ಪಿದರು. ಎರಡು ವರ್ಷ ಆರ್ಡರ್ ಕೇಳುವುದಿಲ್ಲ, ಈ ಮಾತು ಹೊರಗೆ ಆಡುವುದಿಲ್ಲ ಎಂದು ಒಂದು ಕಾಗದ ಬರೆಸಿಕೊಂಡರು. ಅವಳು ಸಹಿ ಹಾಕಿದಳು.

ಶುಕ್ರವಾರ ಹತ್ತಕ್ಕೆ ಚೆಕ್ಕು ಕೈಗೆ ಬಂತು. ಬ್ಯಾಂಕಿನಲ್ಲಿ ಸಾಲು ಮೆಲ್ಲಗೆ ಸರಿಯಿತು. ಲಿಫ್ಟಣ್ಣ ಅರ್ಧ ದಿನ ರಜೆ ಹಾಕಿ, ಮಗಳ ಜೊತೆ ಸಿಸ್ಟರುಗಳ ಕಾಲೇಜಿನ ಜಗಲಿಯಲ್ಲಿ ಮೊದಲೇ ಹೋಗಿ ಕುಳಿತಿದ್ದ. ಹನ್ನೆರಡಕ್ಕೆ ಸ್ವಲ್ಪ ಮೊದಲು ಗೌನಮ್ಮ ಹಣ ಹಿಡಿದು ಅಲ್ಲಿಗೆ ತಲುಪಿದಳು. ಹಣ ಕಟ್ಟಬೇಕಿದ್ದ ಆ ಹುಡುಗಿ ಬರಲಿಲ್ಲ. ಹನ್ನೆರಡಾದ ಮೇಲೆ ಸಿಸ್ಟರ್ ಪಟ್ಟಿಯಲ್ಲಿ ಒಂದು ಹೆಸರಿಗೆ ಗೆರೆ ಎಳೆದು ಇನ್ನೊಂದನ್ನು ಬರೆದರು. ರಸೀದಿ ಅಂಗೈಯಷ್ಟೇ ಇತ್ತು, ನಾಲ್ಕೇ ಸಾಲು. ಮಗಳು ಅಪ್ಪನ ಭುಜಕ್ಕೆ ಹಣೆ ಒತ್ತಿ ಅತ್ತಳು. ಗೌನಮ್ಮನಿಗೆ ಅಳು ಬರಲಿಲ್ಲ. ಉಳಿದ ನಲವತ್ತೈದು ಸಾವಿರ ಕೈಚೀಲದಲ್ಲಿತ್ತು, ಅದು ಬಟ್ಟೆ ವ್ಯಾಪಾರಿಯದು. ಬೀಗದವನ ಎರಡು ಸಾವಿರ ಬೇರೆ.

ಅವಳು ನೇರವಾಗಿ ಅಂಗಡಿಗೆ ಬಂದಳು. ಅಜ್ಜಿ ಕತ್ತರಿಸಿದ ಮೂವತ್ತರಲ್ಲಿ ಹನ್ನೆರಡನೆಯದಕ್ಕೆ ಅಂಚು ಮಡಚುತ್ತಿದ್ದಳು. ಮೂರು ದಿನದಿಂದ ಏನೋ ನಡೆದಿದೆ ಎಂದು ಅವಳಿಗೆ ಗೊತ್ತಿತ್ತು, ಏನೆಂದು ಕೇಳಿರಲಿಲ್ಲ.

"ಅಜ್ಜಿ, ಸೂಜಿ ಇಡಿ. ಈ ಗೌನುಗಳು ಬೇಡ ಇನ್ನು."

"ಬಣ್ಣ ತಪ್ಪಾಯ್ತಾ?"

"ಗುಡ್ಡದ ಗೌನಿನ ಕೆಲಸ ಎರಡು ವರ್ಷ ಇಲ್ಲ. ನಾನೇ ಬೇಡ ಅಂದೆ. ಗಡಿಯಾರದ್ದು, ಸಿಸ್ಟರುಗಳ ಎಂಟೋ ಒಂಬತ್ತೋ, ಅಷ್ಟೇ ಉಳಿಯೋದು. ಅದರಲ್ಲಿ ಇಬ್ಬರ ಹೊಟ್ಟೆ ತುಂಬಲ್ಲ."

ಅಜ್ಜಿ ಸೂಜಿಯನ್ನು ರವಿಕೆಯ ಅಂಚಿಗೆ ಚುಚ್ಚಿಕೊಂಡಳು. "ಮಗಳಿಗೆ ಸೀಟು?"

"ಆಯ್ತು. ಸಿಸ್ಟರುಗಳಲ್ಲಿ."

"ಒಳ್ಳೇದಾಯ್ತು. ನನ್ನ ಕಣ್ಣಿಗೂ ರಜೆ ಬೇಕಿತ್ತು." ಅಜ್ಜಿಯ ಧ್ವನಿ ಹಗುರಾಗಿಯೇ ಇತ್ತು, ಕೈ ಮಾತ್ರ ಮಡಿಲಲ್ಲಿದ್ದ ಬಟ್ಟೆಯನ್ನು ಬಿಡಲಿಲ್ಲ.

ಹೇಳದೆ ಇದ್ದುಬಿಡಬಹುದಿತ್ತು. ಗೌನಮ್ಮ ನೆಲದ ಮೇಲೆ, ಸ್ಟೂಲಿನ ಪಕ್ಕ ಕುಳಿತು ಎಲ್ಲವನ್ನೂ ಹೇಳಿದಳು. ರಸೀದಿಯ ಕೊನೆಯ ಸಾಲು, ಕಪಾಟುಗಳು, ಬಿಚ್ಚದ ಗಂಟುಗಳು, ಎರಡನೇ ವರ್ಷದಿಂದ ಕೇಳುವ ತರಬೇತಿಯ ಹಣ. "ನಿಮ್ಮ ಮೊಮ್ಮಗಳದ್ದು ತಲೆಯ ತಪ್ಪಲ್ಲ ಅಜ್ಜಿ. ಅಲ್ಲಿ ಪ್ರತಿ ವರ್ಷ ಮೂವತ್ತು ಜನ ಹೀಗೇ ಬಿಡ್ತಾರೆ. ನಾನು ಹೇಳಿದೆ ಅಂತ ಕಳಿಸಿದ್ರಿ."

ಅಜ್ಜಿ ಮಡಿಲಿನ ಗೌನಿನ ಅಂಚನ್ನು ಬೆರಳಲ್ಲಿ ಒತ್ತಿ ಒತ್ತಿ ಸರಿಮಾಡಿದಳು. ಹೊರಗೆ ಬೀಗದವನ ಅರ ಕಬ್ಬಿಣ ಉಜ್ಜುತ್ತಿತ್ತು.

"ಓದು ಹತ್ತಲ್ಲ ಅಂದ್ಲು ನನ್ನ ಹತ್ರ," ಎಂದಳು ಕೊನೆಗೆ. "ದುಡ್ಡು ಕೇಳಿದ್ರು ಅಂತ ಹೇಳಲೇ ಇಲ್ಲ. ಹೇಳಿದ್ರೆ ಈ ಮುದುಕಿ ಎಲ್ಲಿಂದ ತರ್ತಾಳೆ ಅಂದ್ಕೊಂಡಳು. ಎರಡು ವರ್ಷದಿಂದ ದಿನಾ ಅನ್ನ ಬಡಿಸ್ತಾ ಬಡಿಸ್ತಾ ಬೈತಿದ್ದೀನಿ ಅವಳನ್ನ. ತಲೆ ಬಗ್ಗಿಸಿ ತಿಂದು ಎದ್ದು ಹೋಗ್ತಾಳೆ."

"ನನಗೆ ಬೈಯಿರಿ ಅಜ್ಜಿ."

"ನಿನಗೆ ಬೈಯೋಕೆ ಸಮಯ ಇದೆ. ಎರಡು ವರ್ಷ ಕೆಲಸ ಇಲ್ಲ ಅಂದೆಯಲ್ಲ." ಅಜ್ಜಿ ಮಡಿಲಿನ ಗೌನನ್ನು ಎತ್ತಿ ಮೇಜಿನ ಮೇಲಿಟ್ಟಳು. "ಎಷ್ಟು ಮನೆಗೆ ಹೇಳಿದ್ದೆ ಈ ಲೆಕ್ಕ?"

"ಎಂಟು. ನಿಮ್ಮದು ಸೇರಿ."

"ಈ ವರ್ಷ ಸೇರೋರು ಯಾರಾದ್ರೂ ಇದ್ದಾರಾ?"

"ಕ್ಷೌರದಂಗಡಿಯವರ ಮಗಳು. ಸೋಮವಾರ ಕಟ್ಟೋಕೆ ಹೋಗ್ತಾರೆ." ಗೌನಮ್ಮ ತಡೆದಳು. "ಆದ್ರೆ ಹೊರಗೆ ಹೇಳಲ್ಲ ಅಂತ ಬರೆದುಕೊಟ್ಟಿದ್ದೀನಿ ಅಜ್ಜಿ. ಗೊತ್ತಾದ್ರೆ ಕೊಟ್ಟ ಒಂದು ಲಕ್ಷ ನಲವತ್ತನ್ನೂ ವಾಪಸ್ ಕೊಡು ಅಂತಾರೋ ಏನೋ."

"ನೀನು ಬರೆದುಕೊಟ್ಟಿದ್ದೀಯ, ನಾನೇನೂ ಬರೆದುಕೊಟ್ಟಿಲ್ಲ. ನನಗೆ ಬರೆಯೋಕೆ ಬರಲ್ಲ." ಅಜ್ಜಿ ಮಂಡಿಯ ಮೇಲೆ ಕೈಯೂರಿ ಎದ್ದಳು, ಕಣ್ಣಿಗೆ ಕನ್ನಡಕ ಹಾಕಿಕೊಂಡಳು. "ಮಾತು ನಾನಾಡ್ತೀನಿ. ನನಗೆ ಅಂಕಿ ನೆನಪಿರಲ್ಲ, ನೀನು ಪಕ್ಕದಲ್ಲಿ ನಿಂತಿರು. ನಾನು ತಪ್ಪು ಹೇಳಿದ್ರೆ ಕೆಮ್ಮು."

ಗೌನಮ್ಮ ಷಟರ್ ಎಳೆದು ಬೀಗ ಹಾಕಿದಳು. ಕ್ಷೌರದಂಗಡಿ ಬೀದಿಯ ಆ ತುದಿಯಲ್ಲಿತ್ತು. ಅಜ್ಜಿ ಮುಂದೆ, ಅವಳು ಹಿಂದೆ. ಒಳಗೆ ಕ್ಷೌರದವರು ಗಿರಾಕಿಯೊಬ್ಬರ ಕೆನ್ನೆಗೆ ನೊರೆ ಹಚ್ಚುತ್ತಿದ್ದರು. ಕನ್ನಡಿಯಲ್ಲಿ ಅವಳನ್ನು ಕಂಡು, ಬ್ರಷ್ಷು ಎತ್ತಿ ಹಿಡಿದೇ, ಮುಖ ಅರಳಿಸಿ ಹೇಳಿದರು. "ಬನ್ನಿ ಗೌನಮ್ಮ. ನಿಮ್ಮ ಮಾತಿನ ಮೇಲೆ ಅಂಗಡಿ ಅಡ ಇಟ್ಟೆ ನೋಡಿ. ದುಡ್ಡು ಇವತ್ತು ಬೆಳಗ್ಗೆ ಕೈಗೆ ಬಂತು."

ಅಜ್ಜಿ ಬೆಂಚಿನ ಮೇಲೆ ಕುಳಿತಳು. "ಗಿರಾಕಿಯನ್ನ ಕಳಿಸಪ್ಪಾ ಮೊದಲು," ಎಂದಳು. "ಆಮೇಲೆ ಆ ದುಡ್ಡು ಎಲ್ಲಿದೆ ಅಂತ ಹೇಳು."

ಗೌನಮ್ಮ ಕೆಮ್ಮಲಿಲ್ಲ. "ಬೇಡ ಅಜ್ಜಿ," ಎಂದು ಮುಂದೆ ಬಂದು, ಕನ್ನಡಿಯಲ್ಲಿದ್ದ ಮುಖವನ್ನು ಬಿಟ್ಟು ಕ್ಷೌರದವರ ಮುಖವನ್ನೇ ನೋಡುತ್ತ, "ಕಟ್ಟಬೇಡಿ ಅಣ್ಣ. ನಾನು ತಪ್ಪು ಎಣಿಸಿದ್ದೆ," ಎಂದಳು.